ಎರೆ ಭೂಮಿಯ ಸೈಟು: ಮನೆ, ಇಂಗುಗುಂಡಿ, ಕೈತೋಟ ಮೂರೂ ಆದೀತೇ?

ಪ್ರಶ್ನೆ: ವಿಜಯಪುರದ ಹೊರವಲಯದಲ್ಲಿ, ಮೊದಲು ಜೋಳ ಬೆಳೆಯುತ್ತಿದ್ದ ಎರೆ (ಕಪ್ಪು ಮಣ್ಣಿನ) ಹೊಲ ಎನ್.ಎ. (ಕೃಷಿಯೇತರ ಭೂಮಿ) ಆದ ಬಡಾವಣೆಯಲ್ಲಿ ಸೈಟು ಕೊಂಡಿದ್ದೇವೆ. ಒಳಚರಂಡಿ ಇನ್ನೂ ಬಂದಿಲ್ಲ. ಮನೆ, ಸೆಪ್ಟಿಕ್ ಟ್ಯಾಂಕ್ ಮತ್ತು ಒಂದಿಷ್ಟು ಕೈತೋಟ ಮಾಡುವ ಆಸೆಯಿದೆ. ಈ ಮಣ್ಣು ಮೂರಕ್ಕೂ ಒಗ್ಗುತ್ತದೆಯೇ?

ಉತ್ತರ: ಒಗ್ಗುತ್ತದೆ, ಆದರೆ ಮೂರನ್ನೂ ಒಂದೇ ನಕ್ಷೆಯ ಮೇಲಿಟ್ಟು ಯೋಚಿಸಬೇಕು. ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದ್ದು, ಅದು ತನ್ನ ಪದರುಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಾಯಿಬಿಡುವ ಬಿರುಕುಗಳು ಮಳೆ ಬಿದ್ದ ಕೆಲವೇ ದಿನಗಳಲ್ಲಿ ಮುಚ್ಚಿಹೋಗುವುದು ಇದರಿಂದಲೇ. ಮಣ್ಣಿನ ತೇವ ವರ್ಷವಿಡೀ ಒಂದೇ ಸಮನಾಗಿದ್ದರೆ ಗೋಡೆಗೆ ತೊಂದರೆಯಿಲ್ಲ. ಅದು ಏರಿಳಿಯುವುದೇ ತೊಂದರೆ. ಸೆಪ್ಟಿಕ್ ಟ್ಯಾಂಕಿನಿಂದ ಹೊರಬಂದು ಇಂಗುಗುಂಡಿಯಲ್ಲಿ ನೆಲಕ್ಕಿಳಿಯುವ ನೀರೂ ಕೈತೋಟದ ನೀರೂ ಸೇರುವುದು ಇದೇ ಮಣ್ಣಿಗಾದ್ದರಿಂದ, ಅವು ಅಡಿಪಾಯದ ವಿಷಯವೂ ಹೌದು.

ಮೊದಲು ತಿಳಿಯಬೇಕಾದದ್ದು ಕಪ್ಪು ಮಣ್ಣು ಎಷ್ಟು ಆಳದವರೆಗೆ ಇದೆ ಎಂಬುದು. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಮಾತಿಗೆ ಕಾರಣವಾದ ಡೋಣಿ ನದಿಯ ಬಯಲಿನಲ್ಲಿ ಎರೆ ಬಹಳ ಆಳವಾಗಿದೆ. ಎತ್ತರದ ದಿಬ್ಬಗಳಲ್ಲಿ ಮೊಣಕಾಲೆತ್ತರ ಅಗೆಯುವುದರೊಳಗೆ ಗರಸು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ಸಿಗಬಹುದು. ಪಕ್ಕದ ಸೈಟಿನವರ ಅನುಭವ ಸುಳಿವು ಕೊಡುತ್ತದೆಯೇ ಹೊರತು ನಿಮ್ಮ ಸೈಟಿನಲ್ಲಿ ಗುಂಡಿ ತೋಡಿ ನೋಡುವುದನ್ನು ತಪ್ಪಿಸುವುದಿಲ್ಲ. ಒಂದೂವರೆ ಮೀಟರಿನೊಳಗೆ ಗಟ್ಟಿ ಗರಸು ಸಿಕ್ಕರೆ ಎರೆಯನ್ನು ಪೂರ್ತಿ ತೆಗೆದು ಅಡಿಪಾಯವನ್ನು ಗರಸಿನ ಮೇಲೆ ಕೂರಿಸುವುದು ಸರಳವಾದ ದಾರಿ.

ಸಿಗದಿದ್ದರೆ ಮಣ್ಣನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಅದು ಎಷ್ಟು ಉಬ್ಬುತ್ತದೆ ಎಂದು ಅಳೆಯುವ ‘ಫ್ರೀ ಸ್ವೆಲ್’ ಪರೀಕ್ಷೆ ಮಾಡಿಸಿ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತತ್ತು ಗ್ರಾಂ ತೂಗಿ, ಅಳತೆಯ ಎರಡು ಗಾಜಿನ ಜಾಡಿಗಳಲ್ಲಿ ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಹಾಕಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಸೀಮೆಎಣ್ಣೆಯ ಜಾಡಿಗಿಂತ ನೀರಿನ ಜಾಡಿಯಲ್ಲಿ ಮಣ್ಣು ಶೇಕಡಾ ಎಷ್ಟು ಹೆಚ್ಚು ಮೇಲೇರಿದೆ ಎಂಬುದೇ ಉತ್ತರ. ಈ ಅಂಕಿ ಶೇಕಡಾ 50ನ್ನು ದಾಟಿದರೆ ಮೇಸ್ತ್ರಿಯ ಅಂದಾಜಿನ ಮೇಲೆ ಅಡಿಪಾಯ ಹಾಕಿಸಬಾರದು. ಅಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಂಡರ್‌ರೀಮ್ಡ್ ಪೈಲ್ ಎಂಬ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟ್ ಕಂಬದ ಪದ್ಧತಿಯನ್ನು ಬೆಳೆಸಿತು. ಋತುಮಾನದ ತೇವ ಬದಲಾವಣೆ ಮುಟ್ಟದ ಆಳಕ್ಕೆ, ಆಳವಾದ ಎರೆಯಲ್ಲಿ ಸಾಮಾನ್ಯವಾಗಿ ಮೂರೂವರೆ ಮೀಟರಿನವರೆಗೆ, ಕಂಬವನ್ನು ಇಳಿಸಿ, ಕಂಬಗಳ ಮೇಲಿನ ತೊಲೆಯ ಕೆಳಗೆ ಮಣ್ಣು ಉಬ್ಬಲು ಖಾಲಿ ಜಾಗ ಬಿಡುತ್ತಾರೆ. ಆ ಖಾಲಿ ಜಾಗವನ್ನು ಕೆಲಸಗಾರರು ಮಣ್ಣಿನಿಂದ ತುಂಬಿಬಿಡದಂತೆ ಎದುರು ನಿಂತು ನೋಡಿಕೊಳ್ಳಿ. ಅದು ತುಂಬಿದರೆ ಉಬ್ಬಿದ ಮಣ್ಣು ತೊಲೆಯನ್ನೇ ಮೇಲಕ್ಕೆತ್ತುತ್ತದೆ. ‘ನಮ್ಮದು ಒಂದೇ ಅಂತಸ್ತು, ಭಾರವೇನಿಲ್ಲ’ ಎಂಬ ಸಮಾಧಾನ ಇಲ್ಲಿ ಸಲ್ಲದು. ಭಾರ ಕಡಿಮೆಯಾದಷ್ಟೂ ಉಬ್ಬುವ ಮಣ್ಣನ್ನು ಒತ್ತಿ ಹಿಡಿಯುವ ಬಲ ಕಡಿಮೆಯಾಗುವುದರಿಂದ, ಎಷ್ಟೋ ಕಡೆ ಮೊದಲು ಸೀಳುವುದು ಕಾಂಪೌಂಡ್ ಗೋಡೆಯೇ.

ಇನ್ನು ಸೆಪ್ಟಿಕ್ ಟ್ಯಾಂಕ್. ಟ್ಯಾಂಕ್ ಕಟ್ಟಿಸುವುದು ಕಷ್ಟವಲ್ಲ, ಅದರಿಂದ ಹೊರಬರುವ ನೀರು ಎಲ್ಲಿಗೆ ಹೋಗಬೇಕು ಎಂಬುದೇ ಕಷ್ಟ. ಇಂಗುವಿಕೆಯನ್ನು ಅಳೆಯಲು ಇಂಗುಗುಂಡಿಯ ಆಳದಲ್ಲಿ ಒಂದು ಸಣ್ಣ ಕುಳಿ ತೋಡಿ, ತಳಕ್ಕೆ ಜಲ್ಲಿ ಹಾಕಿ, ನೀರು ತುಂಬಿ, ಮಟ್ಟ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡುತ್ತಾರೆ. ಏಪ್ರಿಲ್ ತಿಂಗಳ ಒಣ ಎರೆಯಲ್ಲಿ ಹೀಗೆ ಮಾಡಿದರೆ ನೀರು ಬಿರುಕುಗಳೊಳಗೆ ಸರ್ರನೆ ಇಳಿದುಹೋಗುತ್ತದೆ, ಮನೆಯವರು ಸಂತೋಷಪಡುತ್ತಾರೆ, ಭಾದ್ರಪದದ ಹೊತ್ತಿಗೆ ಅದೇ ಗುಂಡಿ ತುಂಬಿ ಶೌಚಾಲಯದ ನೀರು ಹಿಂದಕ್ಕೆ ಬರುತ್ತದೆ. ಆದ್ದರಿಂದ ಕುಳಿಯನ್ನು ಇಡೀ ರಾತ್ರಿ ನೀರಿನಲ್ಲಿ ನೆನೆಸಿ, ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಮಾರನೆಯ ದಿನ ಅಳೆಯಬೇಕು. ಸಾಧ್ಯವಾದರೆ ಮಳೆಗಾಲದಲ್ಲೇ ಅಳೆಯಬೇಕು. ಆಗ ಎರಡೂವರೆ ಸೆಂಟಿಮೀಟರ್ ಇಳಿಯಲು ಒಂದು ಗಂಟೆಗಿಂತ ಹೆಚ್ಚು ಹಿಡಿದರೆ ಇಂಗುಗುಂಡಿಯ ಆಸೆ ಬಿಟ್ಟು, ಟ್ಯಾಂಕಿನ ನಂತರ ಜಲ್ಲಿ ತುಂಬಿದ ಮೇಲ್ಮುಖ ಹರಿವಿನ ಸೋಸುಕೋಣೆ ಕಟ್ಟಿಸುವುದೋ, ನೆಲದ ಮಟ್ಟಕ್ಕಿಂತ ಮೇಲೆ ಮರಳು ಜಲ್ಲಿಯ ಪಾತಿಯಲ್ಲಿ ಬಾಳೆ, ಕ್ಯಾನಾದಂಥ ಗಿಡಗಳಿಗೆ ನೀರು ಹರಿಸುವುದೋ ಆಗಬೇಕು. ಯಾವುದೇ ಆದರೂ ಅದು ಮನೆಯ ಅಡಿಪಾಯದಿಂದ ಮತ್ತು ಕೊಳವೆಬಾವಿಯಿಂದ ಸೈಟು ಅನುವು ಮಾಡಿಕೊಡುವಷ್ಟೂ ದೂರವಿರಲಿ, ನೆಲದ ಇಳಿಜಾರಿನ ಕಡೆಗಿರಲಿ.

ಕೈತೋಟದ ಮಾತಿಗೆ ಬಂದರೆ ಎರೆ ಉದಾರಿ. ಹಿಂಗಾರಿಯ ಜೋಳ, ಕಡಲೆ, ಕುಸುಬೆ ಬೆಳೆಯುವುದು ಅದು ಹಿಡಿದಿಟ್ಟ ತೇವದ ಬಲದಿಂದಲೇ. ಆದರೆ ಸುಣ್ಣದಂಶ ಹೆಚ್ಚಿರುವ ಈ ಕ್ಷಾರ ಮಣ್ಣಿನಲ್ಲಿ ಕಬ್ಬಿಣ ಮತ್ತು ಸತು ಇದ್ದರೂ ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಾರಣ ಹೆಚ್ಚಾಗಿ ಕಬ್ಬಿಣದ ಕೊರತೆ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿ, ತರಕಾರಿಗೆ ಏರುಮಡಿ ಮಾಡಿ. ಜಿಪ್ಸಂ ಹಾಕಿ ಎಂದು ಯಾರಾದರೂ ಹೇಳಿದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸುವವರೆಗೆ ತಡೆಯಿರಿ, ಏಕೆಂದರೆ ಅದು ಸೋಡಿಯಂ ಹೆಚ್ಚಿರುವ ಚೌಳು ಮಣ್ಣಿಗೆ ಮಾತ್ರ ಮದ್ದು. ಆ ಪರೀಕ್ಷೆಗೆ ಮೇಲಿನ ಒಂದು ಗೇಣು ಮಣ್ಣು ಸಾಕು, ಅಡಿಪಾಯದ ಪರೀಕ್ಷೆಗೆ ಆಳದ ಮಣ್ಣು ಬೇಕು. ಒಂದರ ವರದಿ ಇನ್ನೊಂದಕ್ಕೆ ಉಪಯೋಗಕ್ಕೆ ಬಾರದು.

ಗೋಡೆಯ ಬುಡಕ್ಕೆ ಪಾತಿ ಮಾಡಬೇಡಿ. ಮನೆಯ ಸುತ್ತ ಒಂದೂವರೆ ಮೀಟರ್ ಅಗಲಕ್ಕೆ, ಹೊರಕ್ಕೆ ಇಳಿಜಾರಾಗಿ ಕಲ್ಲುಹಾಸು ಅಥವಾ ಕಾಂಕ್ರೀಟ್ ಹಾಕಿಸಿ, ಮಾಳಿಗೆಯ ನೀರಿನ ಪೈಪು ಆ ಹಾಸಿನ ಆಚೆಗೆ ಸುರಿಯುವಂತೆ ಮಾಡಿ. ಬೇವು, ಹುಣಸೆಯಂಥ ದೊಡ್ಡ ಮರಗಳನ್ನು ಅವು ಬೆಳೆಯುವ ಎತ್ತರದಷ್ಟಾದರೂ ದೂರದಲ್ಲಿ ನೆಡಬೇಕು, ಏಕೆಂದರೆ ಬೇಸಿಗೆಯಲ್ಲಿ ಅವುಗಳ ಬೇರು ಅಡಿಪಾಯದ ಕೆಳಗಿನ ತೇವವನ್ನು ಒಂದೇ ಬದಿಯಿಂದ ಹೀರಿ ಆ ಬದಿಯ ನೆಲವನ್ನು ಕುಗ್ಗಿಸುತ್ತದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಅಷ್ಟು ದೂರ ಸಿಗುವುದಿಲ್ಲವಾದ್ದರಿಂದ ನಿಂಬೆ, ಕರಿಬೇವು, ನುಗ್ಗೆಯಂಥವುಗಳಿಗೆ ತೃಪ್ತಿಪಟ್ಟು, ಅವನ್ನೂ ಕಾಂಪೌಂಡಿನ ಮೂಲೆಯಲ್ಲಿ, ಇಂಗುಗುಂಡಿಗೆ ಗುರುತಿಸಿದ ಜಾಗವನ್ನು ಬಿಟ್ಟು ನೆಡಿ.