ಎಲ್ಲ ಬಲ್ಲ ಹೊಸ ಹುಡುಗ: ಟೈಟ್ ಎಂಡ್ ಎಂಬ ಒಗಟಿನ ಹಿನ್ನೆಲೆ

2024ರ ಅಕ್ಟೋಬರ್. ಲಾಸ್ ಏಂಜಲೀಸ್‌ನಲ್ಲಿ ಪೆನ್ ಸ್ಟೇಟ್ ಮತ್ತು ಯುಎಸ್‌ಸಿ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ಆಟ. ಪೆನ್ ಸ್ಟೇಟ್‌ನ ಟೈಲರ್ ವಾರೆನ್ ಸೆಂಟರ್ ಜಾಗದಲ್ಲಿ ಬಗ್ಗಿ ನಿಂತ. ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಟ್ಟ. ಆಮೇಲೆ ಎದ್ದು ಓಡಿದ. ಅದೇ ಚೆಂಡು ಒಂದೆರಡು ಕೈ ದಾಟಿ ಆಕಾಶದಲ್ಲಿ ತೇಲಿ ಬಂದಾಗ, ಎದುರಾಳಿಯ ತಲೆಯ ಮೇಲೆ ಹಾರಿ ಹಿಡಿದು ಟಚ್‌ಡೌನ್ ಮಾಡಿದ, ಅಂದರೆ ಎದುರಾಳಿಯ ಕಡೆಯ ಕೊನೆ ಗೆರೆ ದಾಟಿ ಅಂಕ ತಂದ. ಆ ದಿನ ಅವನು ಹಿಡಿದ ಕ್ಯಾಚ್‌ಗಳು 17, ಗಳಿಸಿದ್ದು 224 ಗಜ. ಅವನ ಜಾಗದ ಹೆಸರು ಟೈಟ್ ಎಂಡ್.

ಆರು ತಿಂಗಳ ನಂತರ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಇಂಡಿಯಾನಾಪೊಲಿಸ್ ಕೋಲ್ಟ್ಸ್ ಅವನನ್ನು 14ನೆಯವನಾಗಿ ಆರಿಸಿಕೊಂಡಿತು. ಅದಕ್ಕೂ ಮೊದಲೇ, 10ನೆಯವನಾಗಿ, ಇನ್ನೊಬ್ಬ ಟೈಟ್ ಎಂಡ್ ಕೋಲ್ಸ್ಟನ್ ಲವ್‌ಲ್ಯಾಂಡ್ ಷಿಕಾಗೋ ಬೇರ್ಸ್ ಪಾಲಾಗಿದ್ದ. ಅಲ್ಲಿಂದ ಹಳೇ ಪ್ರಶ್ನೆ ಮತ್ತೆ ಶುರುವಾಯಿತು. ಇಷ್ಟೆಲ್ಲ ಬಲ್ಲ ಹೊಸಬನನ್ನು ಏನು ಮಾಡುವುದು? ಎಲ್ಲಿ ನಿಲ್ಲಿಸುವುದು? ಅಮೆರಿಕದಲ್ಲಿರುವ ನಮ್ಮವರು ಆಫೀಸಿನ ಫ್ಯಾಂಟಸಿ ಲೀಗ್‌ಗೆ ಸೇರಿಕೊಂಡಾಗ ಮೊದಲು ತಲೆ ಕೆರೆದುಕೊಳ್ಳುವುದೂ ಇಲ್ಲೇ. ಹುಡುಗ ಇಡೀ ಆಟ ಮೈದಾನದಲ್ಲೇ ಇದ್ದ, ಕ್ಯಾಚ್ ಮಾತ್ರ ಎರಡೇ. ಯಾಕೆ?

ಉತ್ತರ ಆಟದ ನಿಯಮದಲ್ಲೇ ಇದೆ. ಚೆಂಡು ಹಿಡಿದ ತಂಡ ಪ್ರತಿ ಸಲ ಕನಿಷ್ಠ ಏಳು ಜನರನ್ನು ಚೆಂಡು ಇಟ್ಟ ಸಾಲಿನ ಮೇಲೆ ನಿಲ್ಲಿಸಬೇಕು. ಆ ಸಾಲಿನಲ್ಲಿ ಎರಡು ತುದಿಯವರಿಗೆ ಮಾತ್ರ ಪಾಸ್, ಅಂದರೆ ಮುಂದಕ್ಕೆ ಎಸೆದ ಚೆಂಡು, ಹಿಡಿಯುವ ಹಕ್ಕು. ನಡುವಿನ ದೈತ್ಯರ ಕೆಲಸ ಬರೀ ತಡೆಯುವುದು. ತುದಿಯವನು ದೂರ ಸರಿದು ನಿಂತರೆ ರಿಸೀವರ್. ದೈತ್ಯರ ಮಗ್ಗುಲಿಗೆ ಅಂಟಿಕೊಂಡು ನಿಂತರೆ ಟೈಟ್ ಎಂಡ್. ಅಂದರೆ ಅವನು ಅರ್ಧ ಗೋಡೆ, ಅರ್ಧ ಹಕ್ಕಿ. ಒಂದು ಸಲ 120 ಕಿಲೋ ತೂಕದವನನ್ನು ಎದೆಯೊಡ್ಡಿ ತಡೆಯಬೇಕು. ಮುಂದಿನ ಸಲ ಅದೇ ಉಸಿರಿನಲ್ಲಿ ಓಡಿ ಚೆಂಡು ಹಿಡಿಯಬೇಕು.

ಹೊಸಬರಿಗೆ ಇದು ಕಷ್ಟ ಅನ್ನುವುದು ಅದಕ್ಕೇ. ರಿಸೀವರ್ ತನ್ನ ಓಟದ ದಾರಿಗಳನ್ನು ಕಲಿತರೆ ಬಹುಪಾಲು ಕೆಲಸ ಮುಗಿಯಿತು. ಟೈಟ್ ಎಂಡ್ ಅದರ ಜೊತೆಗೆ ಲೈನ್‌ಮನ್‌ಗಳ, ಅಂದರೆ ಆ ದೈತ್ಯರ, ಪಾಠವನ್ನೂ ಓದಬೇಕು. ಯಾರು ನುಗ್ಗಿದರೆ ಯಾರು ತಡೆಯಬೇಕು, ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್ ಎಡಕ್ಕೆ ಹೋದರೆ ತನ್ನ ಹೆಜ್ಜೆ ಎತ್ತ, ಎಲ್ಲವೂ ಬಾಯಿಪಾಠ ಆಗಬೇಕು. ಒಂದೇ ವರ್ಷಕ್ಕೆ ಎರಡು ಪರೀಕ್ಷೆ ಕಟ್ಟಿದ ಹಾಗೆ.

ಮೊದಲು ಈ ಜಾಗಕ್ಕೆ ಅಷ್ಟು ಬೆಲೆ ಇರಲಿಲ್ಲ. 1961ರಲ್ಲಿ ಕೋಚ್ ಜಾರ್ಜ್ ಹ್ಯಾಲಸ್ ಅವರ ಷಿಕಾಗೋ ಬೇರ್ಸ್‌ಗೆ ಮೈಕ್ ಡಿಟ್ಕಾ ಬಂದ. ಮೊದಲ ವರ್ಷವೇ 14 ಆಟಗಳಲ್ಲಿ 56 ಕ್ಯಾಚ್, 1,076 ಗಜ, 12 ಟಚ್‌ಡೌನ್. ತಡೆಯುವವನು ಹಿಡಿಯಲೂ ಬಲ್ಲ ಅಂತ ಎಲ್ಲರಿಗೂ ಗೊತ್ತಾಯಿತು. ಎರಡು ವರ್ಷದ ನಂತರ ಬಾಲ್ಟಿಮೋರ್ ಕೋಲ್ಟ್ಸ್‌ಗೆ ಜಾನ್ ಮ್ಯಾಕಿ ಬಂದ. ಅವನು ಹಿಡಿದ ಮೇಲೂ ಓಡುತ್ತಿದ್ದ, ಬೀಳಿಸಲು ಮೂವರು ಬೇಕಾಗುತ್ತಿತ್ತು. ಇಷ್ಟಾದರೂ ಆಟದ ದಿಗ್ಗಜರ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಮೊದಲ ಟೈಟ್ ಎಂಡ್ ಆಗಿ ಡಿಟ್ಕಾ ಸೇರಿದ್ದು 1988ರಲ್ಲಿ. ಹೊಸ ಟೈಟ್ ಎಂಡ್‌ಗಳಲ್ಲಿ ಅವನ 1,076 ಗಜಗಳ ದಾಖಲೆ ನಿಂತದ್ದು 63 ವರ್ಷ.

ಆಮೇಲಿನ ಮೂರು ದಶಕವನ್ನು ಒಂದೇ ಉಸಿರಲ್ಲಿ ಹೇಳಿಬಿಡುತ್ತೇನೆ. 1978ರಲ್ಲಿ ನಿಯಮ ಬದಲಾಗಿ ಪಾಸ್ ಆಟಕ್ಕೆ ಬಾಗಿಲು ತೆರೆಯಿತು. ಸ್ಯಾನ್ ಡಿಯಾಗೋದಲ್ಲಿ ಕೋಚ್ ಡಾನ್ ಕೋರಿಯೆಲ್ ಅವರು ಕೆಲೆನ್ ವಿನ್ಸ್‌ಲೋನನ್ನು ಸಾಲಿನಿಂದ ಬಿಡಿಸಿ ಮೈದಾನವೆಲ್ಲ ಓಡಾಡಿಸಿದರು. ಅವರ ಗರಡಿಯಲ್ಲಿದ್ದ ಜೋ ಗಿಬ್ಸ್ 1981ರಲ್ಲಿ ವಾಷಿಂಗ್ಟನ್‌ಗೆ ಹೋಗಿ, ಎದುರಾಳಿ ತಂಡದ ಲಾರೆನ್ಸ್ ಟೇಲರ್ ಎಂಬ ಬಿರುಗಾಳಿಯನ್ನು ತಡೆಯಲು ಇಬ್ಬರು ಟೈಟ್ ಎಂಡ್‌ಗಳ ಏರ್ಪಾಟು ಮಾಡಿದರು. 1988ರಲ್ಲಿ ಫಿಲಡೆಲ್ಫಿಯಾದ ಕೀತ್ ಜಾಕ್ಸನ್ ಹೊಸಬನಾಗಿಯೇ 81 ಕ್ಯಾಚ್ ಹಿಡಿದ. 1997ರಲ್ಲಿ, ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲನ್ನೂ ಆಡಿ ಬಂದ ಟೋನಿ ಗೊನ್ಜಾಲೆಜ್ ಮೊದಲ ವರ್ಷ ಬರೀ 33 ಹಿಡಿದು, ಆಮೇಲೆ ಆ ಜಾಗದ ದೊಡ್ಡ ಹೆಸರಾದ. ಇನ್ನೊಂದು ತಮಾಷೆ: ವಿನ್ಸ್‌ಲೋ, ಜಾಕ್ಸನ್, ಗೊನ್ಜಾಲೆಜ್ ಮೂವರೂ ಡ್ರಾಫ್ಟ್‌ನಲ್ಲಿ 13ನೆಯವರು. ಅಮೆರಿಕದವರು ಹೆದರುವ ಸಂಖ್ಯೆ, ಅಲ್ವಾ?

ಈಗಿನ ಗೋಜಲು ಶುರುವಾದದ್ದು ಮಾತ್ರ 2010ರಲ್ಲಿ. ಇಲ್ಲಿ ಸ್ವಲ್ಪ ನಿಲ್ಲೋಣ.

ಆ ವರ್ಷ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಒಂದೇ ಡ್ರಾಫ್ಟ್‌ನಲ್ಲಿ ಇಬ್ಬರು ಟೈಟ್ ಎಂಡ್‌ಗಳನ್ನು ಆರಿಸಿತು. ಎರಡನೇ ಸುತ್ತಿನಲ್ಲಿ ರಾಬ್ ಗ್ರಾಂಕೌಸ್ಕಿ, ನಾಲ್ಕನೇ ಸುತ್ತಿನಲ್ಲಿ ಆರನ್ ಹರ್ನಾಂಡೆಜ್. ಒಬ್ಬ ಬೆಟ್ಟದಂಥವನು, ಇನ್ನೊಬ್ಬ ಬಳ್ಳಿಯಂಥವನು. ಅಕ್ಟೋಬರ್‌ನಲ್ಲಿ ತಂಡ ತನ್ನ ದೊಡ್ಡ ರಿಸೀವರ್ ರ‍್ಯಾಂಡಿ ಮಾಸ್‌ನನ್ನೇ ಬೇರೆ ತಂಡಕ್ಕೆ ಕೊಟ್ಟುಬಿಟ್ಟಿತು. ಎಲ್ಲರೂ ಹುಬ್ಬೇರಿಸಿದರು. ಗ್ರಾಂಕೌಸ್ಕಿ 42 ಕ್ಯಾಚ್, 10 ಟಚ್‌ಡೌನ್. ಹರ್ನಾಂಡೆಜ್ 45 ಕ್ಯಾಚ್, 6 ಟಚ್‌ಡೌನ್. ತಂಡ 16ರಲ್ಲಿ 14 ಗೆದ್ದಿತು.

ಇದರ ಒಳಗುಟ್ಟು ಸರಳ. ಎದುರಾಳಿ ಡಿಫೆನ್ಸ್ ಪ್ರತಿ ಸಲ ಲೆಕ್ಕ ಹಾಕುತ್ತದೆ: ಮೈದಾನಕ್ಕೆ ಎಷ್ಟು ಟೈಟ್ ಎಂಡ್ ಬಂದರು, ಎಷ್ಟು ರಿಸೀವರ್ ಬಂದರು? ಇಬ್ಬರು ಟೈಟ್ ಎಂಡ್ ಬಂದರೆ ಸಾಮಾನ್ಯವಾಗಿ ಚೆಂಡು ಹಿಡಿದು ಓಡುವ ಆಟ ಅಂತ ಅಂದಾಜು. ಅದಕ್ಕೆ ಭಾರೀ ಆಳು, ಅಂದರೆ ಲೈನ್‌ಬ್ಯಾಕರ್‌ಗಳನ್ನು ಕಳಿಸುತ್ತದೆ. ಆಗ ಹರ್ನಾಂಡೆಜ್ ಮೆಲ್ಲಗೆ ಬದಿಗೆ ಸರಿದು ರಿಸೀವರ್ ಆಗುತ್ತಾನೆ. ಭಾರೀ ಲೈನ್‌ಬ್ಯಾಕರ್ ಅವನ ಹಿಂದೆ ಏದುಸಿರು ಬಿಡುತ್ತಾ ಓಡಬೇಕು. ಸರಿ, ಮುಂದಿನ ಸಲ ಹಗುರ ಆಳನ್ನು ಕಳಿಸೋಣ ಅಂದರೆ, ಗ್ರಾಂಕೌಸ್ಕಿ ಸಾಲಿನಲ್ಲೇ ನಿಂತು ಅವನನ್ನು ಎತ್ತಿ ಪಕ್ಕಕ್ಕಿಡುತ್ತಾನೆ. ರನ್ನಿಂಗ್ ಬ್ಯಾಕ್ ಆ ದಾರಿಯಲ್ಲಿ ನುಗ್ಗುತ್ತಾನೆ. ಇದರ ಮೇಲೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಗುಂಪುಗೂಡದೆ ಸರಸರ ಆಡಿಸಿದರೆ, ಡಿಫೆನ್ಸ್‌ಗೆ ಆಳು ಬದಲಿಸಲೂ ಸಮಯ ಸಿಗದು. ಅತ್ತ ದರಿ, ಇತ್ತ ಪುಲಿ.

2011ರಲ್ಲಿ ಇಬ್ಬರೂ ಸೇರಿ 169 ಕ್ಯಾಚ್, 2,237 ಗಜ, 24 ಟಚ್‌ಡೌನ್. ಅದರಲ್ಲಿ 17 ಟಚ್‌ಡೌನ್ ಗ್ರಾಂಕೌಸ್ಕಿ ಒಬ್ಬನದೇ. 2012ರ ಜನವರಿಯಲ್ಲಿ ಡೆನ್ವರ್ ವಿರುದ್ಧದ ಪ್ಲೇಆಫ್‌ನಲ್ಲಿ ಹರ್ನಾಂಡೆಜ್‌ನನ್ನು ರನ್ನಿಂಗ್ ಬ್ಯಾಕ್ ಜಾಗದಲ್ಲೂ ನಿಲ್ಲಿಸಿದರು. ಐದು ಸಲ ಓಡಿ 61 ಗಜ ತೆಗೆದ. (ಮುಂದೆ ಕೊಲೆ ಪ್ರಕರಣದಲ್ಲಿ ಸಿಕ್ಕಿ ಜೈಲಿಗೆ ಹೋದವನು ಇವನೇ. ಆ ಕಥೆ ಇಲ್ಲಿ ಬೇಡ.)

ಎಲ್ಲ ತಂಡಗಳಿಗೂ ಆಸೆ ಹುಟ್ಟಿತು. ನಮಗೂ ಅಂಥವನೊಬ್ಬ ಬೇಕು. ಆದರೆ ಆ ಇಬ್ಬರಲ್ಲಿ ಕೆಲಸ ಹಂಚಿಕೆಯಾಗಿತ್ತು ಅನ್ನುವುದನ್ನು ಜಾಸ್ತಿ ಜನ ಗಮನಿಸಲಿಲ್ಲ. ಮೊದಲ ವರ್ಷ ಪಕ್ಕದಲ್ಲಿ ಆಲ್ಜಿ ಕ್ರಂಪ್ಲರ್ ಎಂಬ ಅನುಭವಿ ಟೈಟ್ ಎಂಡ್ ಕೂಡ ಇದ್ದ, ತಡೆಯುವ ಭಾರ ಹೊರಲು. ಎಲ್ಲವನ್ನೂ ಒಬ್ಬನೇ ಹೊಸಬನ ಹೆಗಲಿಗೆ ಹಾಕಿರಲಿಲ್ಲ.

ಅಷ್ಟರಲ್ಲಿ ದುಡ್ಡಿನ ಮಾತು ನಡುವೆ ಬಂತು. ಜಿಮ್ಮಿ ಗ್ರಹಾಂ ಕೂಡ 2010ರ ಹೊಸಬನೇ. ಕಾಲೇಜಿನಲ್ಲಿ ನಾಲ್ಕು ವರ್ಷ ಬ್ಯಾಸ್ಕೆಟ್‌ಬಾಲ್, ಒಂದೇ ವರ್ಷ ಫುಟ್‌ಬಾಲ್. 2013ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಪರ 1,215 ಗಜ, 16 ಟಚ್‌ಡೌನ್. ಒಪ್ಪಂದ ಮುಗಿದಾಗ ತಂಡ ಅವನ ಮೇಲೆ ಫ್ರಾಂಚೈಸ್ ಟ್ಯಾಗ್ ಹಾಕಿತು. ಅಂದರೆ ಒಂದು ವರ್ಷ ಇಲ್ಲೇ ಆಡು, ಸಂಬಳ ನಿನ್ನ ಜಾಗಕ್ಕೆ ನಿಗದಿಯಾದಷ್ಟು. ಆ ವರ್ಷ ಟೈಟ್ ಎಂಡ್ ಟ್ಯಾಗ್ ಸುಮಾರು 70 ಲಕ್ಷ ಡಾಲರ್. ರಿಸೀವರ್ ಟ್ಯಾಗ್ ಸುಮಾರು 1 ಕೋಟಿ 23 ಲಕ್ಷ ಡಾಲರ್.

ಗ್ರಹಾಂ ದೂರು ಕೊಟ್ಟ. ಹಿಂದಿನ ಸೀಸನ್‌ನಲ್ಲಿ ಶೇ 67ರಷ್ಟು ಸಲ ನಾನು ನಿಂತದ್ದು ಸ್ಲಾಟ್‌ನಲ್ಲಿ (ಲೈನ್‌ಮನ್‌ಗಳಿಗೂ ಬದಿಯ ರಿಸೀವರ್‌ಗೂ ನಡುವಿನ ಜಾಗ), ಇಲ್ಲವೇ ದೂರದ ಬದಿಯಲ್ಲಿ. ಹಾಗಾದರೆ ನಾನು ರಿಸೀವರ್ ತಾನೇ, ಅನ್ನುವುದು ಅವನ ವಾದ. 2014ರ ಜುಲೈನಲ್ಲಿ ಪಂಚಾಯ್ತಿದಾರ ಸ್ಟೀಫನ್ ಬರ್‌ಬ್ಯಾಂಕ್ ತೀರ್ಪು ಕೊಟ್ಟರು: ಟೈಟ್ ಎಂಡೇ. ಸಾಲಿನ ಕೊನೆಯ ಲೈನ್‌ಮನ್‌ನಿಂದ ನಾಲ್ಕು ಗಜದೊಳಗೆ ನಿಂತರೂ ಅದು ಟೈಟ್ ಎಂಡ್ ಜಾಗವೇ ಅಂದರು. ಟ್ವಿಟರ್‌ನಲ್ಲಿ ಅವನೇ ತನ್ನನ್ನು ಟೈಟ್ ಎಂಡ್ ಎಂದು ಬರೆದುಕೊಂಡಿದ್ದೂ ತೀರ್ಪಿನಲ್ಲಿ ಬಂತು! ಕೊನೆಗೆ ನಾಲ್ಕು ವರ್ಷಕ್ಕೆ 4 ಕೋಟಿ ಡಾಲರ್ ಒಪ್ಪಂದವಾಗಿ ಜಗಳ ತಣ್ಣಗಾಯಿತು. ಮರುವರ್ಷ ಅವನು ಸಿಯಾಟಲ್‌ಗೆ ಹೋದ. ಅದು ಓಟದ ಆಟವನ್ನೇ ನೆಚ್ಚಿದ ತಂಡ. ತಡೆಯುವವರನ್ನು ಕೇಳುವ ತಂಡ.

ಆ ಪ್ರಕರಣದಲ್ಲಿ ಕಾನೂನಿನ ಪ್ರಕಾರ ಯಾರದ್ದೂ ತಪ್ಪಿಲ್ಲ. ಆದರೆ ಲೆಕ್ಕ ನೋಡಿ. ಎರಡು ಕೆಲಸ ಬಲ್ಲವನಿಗೆ ಎರಡರಲ್ಲಿ ಕಡಿಮೆ ಬೆಲೆಯ ಕೆಲಸದ ಕೂಲಿ. ಹೊಸಬರ ವಿಷಯ ಇನ್ನೂ ಸುಲಭ. ಲೀಗ್ ಮತ್ತು ಆಟಗಾರರ ಸಂಘದ 2011ರ ಒಪ್ಪಂದದಿಂದ ಹೊಸಬನ ಸಂಬಳ ಅವನು ಎಷ್ಟನೆಯವನಾಗಿ ಆಯ್ಕೆಯಾದ ಅನ್ನುವುದರ ಮೇಲೆ ಹೆಚ್ಚುಕಮ್ಮಿ ನಿಗದಿ. ನಾಲ್ಕು ವರ್ಷ ಏನೇ ಮಾಡಿಸಿದರೂ ಹೆಚ್ಚಿಗೆ ಕೊಡಬೇಕಾದ್ದು ಕಡಿಮೆ. ಗ್ರಹಾಂನಂತೆ ಎಲ್ಲಿ ನಿಂತೆ ಅಂತ ಹೊಸಬ ಲೆಕ್ಕ ಇಟ್ಟುಕೊಂಡು ಏನು ಪ್ರಯೋಜನ?

ಕ್ರಿಕೆಟ್ ನೋಡುವ ನಮಗೆ ಇದು ಹೊಸದಲ್ಲ. 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ಕೈಗೆ ಕೀಪಿಂಗ್ ಗ್ಲೌಸ್ ಬಂತು, ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬೇಕಿತ್ತು ಅಂತ. ಕೆ.ಎಲ್. ರಾಹುಲ್ ಓಪನಿಂಗ್‌ನಿಂದ ಮಧ್ಯಮ ಕ್ರಮಾಂಕದವರೆಗೆ ಹಲವು ಜಾಗಗಳಲ್ಲಿ ಆಡಿದ್ದನ್ನು ಕಂಡಿದ್ದೇವೆ. ‘ಹೊಂದಿಕೊಳ್ಳುತ್ತಾನೆ’ ಅನ್ನುವ ಹೊಗಳಿಕೆಗೆ ಇಂಥದ್ದೊಂದು ಖರ್ಚೂ ಇರುತ್ತೆ.

2021ರಲ್ಲಿ ಕೈಲ್ ಪಿಟ್ಸ್ ಬಂದ. ಅಟ್ಲಾಂಟಾ ಫಾಲ್ಕನ್ಸ್ ಅವನನ್ನು 4ನೆಯವನಾಗಿ ಆರಿಸಿತು. ಅಲ್ಲಿಯವರೆಗೆ ಯಾವ ಟೈಟ್ ಎಂಡ್ ಕೂಡ ಅಷ್ಟು ಮೇಲೆ ಹೋಗಿರಲಿಲ್ಲ. ಮೊದಲ ವರ್ಷ 68 ಕ್ಯಾಚ್, 1,026 ಗಜ. ಡಿಟ್ಕಾ ನಂತರ ಸಾವಿರ ದಾಟಿದ ಮೊದಲ ಹೊಸ ಟೈಟ್ ಎಂಡ್. ಆದರೆ ಟಚ್‌ಡೌನ್ ಒಂದೇ ಒಂದು, ಅದೂ ಲಂಡನ್‌ನಲ್ಲಿ ನಡೆದ ಆಟದಲ್ಲಿ. ಮರುವರ್ಷ ಕ್ವಾರ್ಟರ್‌ಬ್ಯಾಕ್ ಬದಲಾದ, ತಂಡ ಓಟದ ಆಟಕ್ಕೆ ತಿರುಗಿತು, ಮೊಣಕಾಲಿಗೆ ಪೆಟ್ಟೂ ಬಿತ್ತು. 356 ಗಜಕ್ಕೆ ನಿಂತ. ‘ಹುಡುಗ ಸುಮ್ನೆ ಹೆಸರು ಮಾಡಿದ್ದ’ ಎಂದವರು ಕಡಿಮೆಯೇನಿಲ್ಲ. ಒಂದೇ ವರ್ಷದಲ್ಲಿ ಹುಡುಗ ಬದಲಾದನೋ, ಅವನ ಸುತ್ತಲಿನದು ಬದಲಾಯಿತೋ, ನೀವೇ ನೋಡಿ.

ಇದರ ಪಕ್ಕದಲ್ಲಿ 2023ರ ಡೆಟ್ರಾಯಿಟ್ ಇಟ್ಟು ನೋಡಬೇಕು. ಲಯನ್ಸ್ ತಂಡ ತನ್ನ ಟೈಟ್ ಎಂಡ್ ಟಿ.ಜೆ. ಹಾಕಿನ್ಸನ್‌ನನ್ನು ಅದರ ಹಿಂದಿನ ಸೀಸನ್‌ನ ನಡುವೆಯೇ ಮಿನೆಸೋಟಾಕ್ಕೆ ಕೊಟ್ಟಿತ್ತು. ಜಾಗ ಖಾಲಿ ಇತ್ತು. ಅಫೆನ್ಸ್, ಅಂದರೆ ಚೆಂಡು ಕೈಯಲ್ಲಿದ್ದಾಗಿನ ಆಟ, ನೋಡಿಕೊಳ್ಳುತ್ತಿದ್ದ ಬೆನ್ ಜಾನ್ಸನ್ ಹಿಂದೆ ಅದೇ ತಂಡದಲ್ಲಿ ಟೈಟ್ ಎಂಡ್‌ಗಳ ಕೋಚ್. ಮುಂದಿನ ಸಾಲು ಗಟ್ಟಿ, ಓಟದ ಆಟ ಗಟ್ಟಿ. ಅಂಥ ಕಡೆ 34ನೆಯವನಾಗಿ ಸ್ಯಾಮ್ ಲಪೋರ್ಟಾ ಬಂದ. 86 ಕ್ಯಾಚ್, 10 ಟಚ್‌ಡೌನ್. ಕೀತ್ ಜಾಕ್ಸನ್‌ನ 35 ವರ್ಷದ ಕ್ಯಾಚ್ ದಾಖಲೆ ಹೋಯಿತು. ಪಿಟ್ಸ್‌ಗಿಂತ 30 ಜಾಗ ಕೆಳಗೆ ಸಿಕ್ಕ ಹುಡುಗ.

ಮರುವರ್ಷ ಬ್ರಾಕ್ ಬೌವರ್ಸ್ ಎಲ್ಲವನ್ನೂ ಅಳಿಸಿ ಬರೆದ. ಲಾಸ್ ವೇಗಸ್ ರೈಡರ್ಸ್ ಪರ 112 ಕ್ಯಾಚ್, 1,194 ಗಜ. ಯಾವುದೇ ಜಾಗದ ಹೊಸಬ ಹಿಡಿದದ್ದಕ್ಕಿಂತ ಜಾಸ್ತಿ ಕ್ಯಾಚ್. ಡಿಟ್ಕಾ ದಾಖಲೆ ಬಿದ್ದದ್ದು ಆಗಲೇ. ಅವನೂ ಡ್ರಾಫ್ಟ್‌ನಲ್ಲಿ 13ನೆಯವನೇ, ನೋಡಿ. ಆದರೆ ತಂಡ ಗೆದ್ದದ್ದು 17ರಲ್ಲಿ 4. ಎಸೆಯಲು ಬೇರೆ ಯಾರೂ ಕಾಣದಿದ್ದಾಗ ಚೆಂಡು ಅವನ ಕಡೆಗೇ ಬಂತು. ಹಾಗಾಗಿ ಬರೀ ಕ್ಯಾಚ್ ಎಣಿಸಿ ಹೊಸಬನನ್ನು ಸರಿಯಾಗಿ ಬಳಸಿದರೋ ಇಲ್ಲವೋ ಅಂತ ಹೇಳುವುದು ಕಷ್ಟ.

ಅಲ್ಲಿಂದ 2025ಕ್ಕೆ. ಡೆಟ್ರಾಯಿಟ್‌ನ ಅದೇ ಬೆನ್ ಜಾನ್ಸನ್ ಈಗ ಷಿಕಾಗೋದ ಮುಖ್ಯ ಕೋಚ್. ಅವರ ಕಾಲದ ಮೊದಲ ಆಯ್ಕೆ ಲವ್‌ಲ್ಯಾಂಡ್, ಡಿಟ್ಕಾ ಆಡಿದ ತಂಡಕ್ಕೆ. ವಾರೆನ್ ಹೋದದ್ದು ಮ್ಯಾಕಿ ಆಡಿದ ತಂಡಕ್ಕೆ. ಕೋಲ್ಟ್ಸ್ ಬಾಲ್ಟಿಮೋರ್ ಬಿಟ್ಟು ಇಂಡಿಯಾನಾಪೊಲಿಸ್‌ಗೆ ಬಂದದ್ದು 1984ರಲ್ಲಿ. ಕಾಲೇಜಿನಲ್ಲಿ ವಾರೆನ್ ಗೆದ್ದ ಪ್ರಶಸ್ತಿಯ ಹೆಸರೂ ಮ್ಯಾಕಿಯದೇ.

ವಾರೆನ್‌ಗೆ ಮೊದಲ ಆಟದಲ್ಲೇ 7 ಕ್ಯಾಚ್, 76 ಗಜ. ಅಂದೇ ಜನ ಮೆಚ್ಚಿಬಿಟ್ಟರು. ಲವ್‌ಲ್ಯಾಂಡ್‌ನದು ನಿಧಾನದ ಹೆಜ್ಜೆ. ಭುಜದ ಶಸ್ತ್ರಚಿಕಿತ್ಸೆಯಿಂದ ಸುಧಾರಿಸಿಕೊಳ್ಳುತ್ತಾ ತರಬೇತಿಯ ತಿಂಗಳುಗಳನ್ನು ಕಳೆದುಕೊಂಡಿದ್ದ. ತಂಡದಲ್ಲಿ ಕೋಲ್ ಕ್ಮೆಟ್ ಎಂಬ ಹಳೆಯ ಟೈಟ್ ಎಂಡ್ ಇದ್ದ. ಮೊದಲ ವಾರಗಳಲ್ಲಿ ಚೆಂಡು ಲವ್‌ಲ್ಯಾಂಡ್‌ನತ್ತ ಬಂದದ್ದೇ ಕಡಿಮೆ. 10ನೇ ಆಯ್ಕೆ ದಂಡವಾಯಿತೇ ಅನ್ನುವ ಮಾತು ಅಕ್ಟೋಬರ್ ಮುಗಿಯುವ ಮೊದಲೇ ಶುರು.

ನವೆಂಬರ್ 2, ಸಿನ್ಸಿನಾಟಿ. ಬೇರ್ಸ್ ಒಂದು ಅಂಕ ಹಿಂದೆ, ಇನ್ನು ನಿಮಿಷವೂ ಉಳಿದಿಲ್ಲ. ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಮೈದಾನದ ನಡುವೆ ಎಸೆದ. ಲವ್‌ಲ್ಯಾಂಡ್ ಹಿಡಿದ. ಇಬ್ಬರು ಎದುರಾಳಿಗಳು ಮೈಮೇಲೆ ಬಿದ್ದರೂ ಕೊಡವಿಕೊಂಡು ಓಡಿದ. 58 ಗಜ. ಗಡಿಯಾರದಲ್ಲಿ 17 ಸೆಕೆಂಡ್ ಬಾಕಿ. ಬೇರ್ಸ್ 47, ಬೆಂಗಲ್ಸ್ 42. ಆ ದಿನ ಅವನ ಲೆಕ್ಕಕ್ಕೆ 6 ಕ್ಯಾಚ್, 118 ಗಜ, ಎರಡು ಟಚ್‌ಡೌನ್. ಎಷ್ಟು ಸಲ ಗೋಡೆಯಾಗಿ ನಿಂತ ಅನ್ನುವುದಕ್ಕೆ ಸ್ಕೋರ್‌ಶೀಟ್‌ನಲ್ಲಿ ಜಾಗವೇ ಇಲ್ಲ.