ಮೊಟ್ಟೆ ಮುಟ್ಟದ ಹುಡುಗನ ರಕ್ತದಲ್ಲಿ ಕೊಲೆಸ್ಟ್ರಾಲ್ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಹತ್ತನೇ ವಯಸ್ಸಿನಲ್ಲಿ ಟೈಪ್ 1 ಮಧುಮೇಹ ಪತ್ತೆಯಾಯಿತು. ಅಂದಿನಿಂದ ಇನ್ಸುಲಿನ್ ಮೇಲಿದ್ದಾನೆ. ಮೈಕಟ್ಟು ಸಣಕಲು. ನಮ್ಮ ಮನೆಯಲ್ಲಿ ಮಾಂಸ, ಮೊಟ್ಟೆ ಬಳಸುವುದಿಲ್ಲ. ಆದರೂ ಈ ಸಲದ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) 138 ಎಂದು ಬಂದಿದೆ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 9.4 ಇದೆ. ತುಪ್ಪ, ತೆಂಗಿನಕಾಯಿ ಪೂರ್ತಿ ನಿಲ್ಲಿಸಬೇಕೆ? ಇಷ್ಟು ಚಿಕ್ಕ ವಯಸ್ಸಿಗೇ ಮಾತ್ರೆ ಬೇಕಾಗುತ್ತದೆಯೆ?

ಉತ್ತರ: ಊಟದ ತಟ್ಟೆಯಿಂದ ಬರುವುದಕ್ಕಿಂತ ಹೆಚ್ಚು ಕೊಲೆಸ್ಟ್ರಾಲನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಜೀವಕೋಶಗಳ ಪೊರೆಗೆ, ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ಯಕೃತ್ತು ಪಿತ್ತರಸದ ಜೊತೆಗೆ ಪ್ರತಿದಿನ ಸುಮಾರು 1 ಗ್ರಾಮಿನಷ್ಟು ಕೊಲೆಸ್ಟ್ರಾಲನ್ನು ಕರುಳಿಗೆ ಸುರಿಯುತ್ತದೆ. ಒಂದು ಕೋಳಿಮೊಟ್ಟೆಯಲ್ಲಿ ಇರುವುದು 200 ಮಿಲಿಗ್ರಾಮಿನ ಆಸುಪಾಸು. ಅಂದರೆ ಮೊಟ್ಟೆಯನ್ನೇ ಮುಟ್ಟದ ನಿಮ್ಮ ಮಗನ ಕರುಳಿಗೂ ದಿನಕ್ಕೆ ಐದು ಮೊಟ್ಟೆಗಳಷ್ಟು ಕೊಲೆಸ್ಟ್ರಾಲ್ ಒಳಗಿನಿಂದಲೇ ಬಂದು ಬೀಳುತ್ತಿರುತ್ತದೆ. ಅದರಲ್ಲಿ ಸರಿಸುಮಾರು ಅರ್ಧವನ್ನು ಕರುಳು ಮರಳಿ ಹೀರಿಕೊಳ್ಳುತ್ತದೆ, ಉಳಿದದ್ದು ಮಲದೊಂದಿಗೆ ಹೊರಹೋಗುತ್ತದೆ. ಈ ಅರ್ಧವೆಂಬುದು ಎಲ್ಲರಲ್ಲಿಯೂ ಒಂದೇ ಆಗಿರುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರದ ಬಹುಭಾಗ ಅಡಗಿರುವುದು ಅಲ್ಲಿಯೇ.

ಯಾರ ದೇಹ ಎಷ್ಟು ತಯಾರಿಸುತ್ತಿದೆ, ಎಷ್ಟು ಹೀರುತ್ತಿದೆ ಎಂದು ಅಳೆಯಲು ಸಂಶೋಧಕರು ಒಂದು ಜಾಣ ದಾರಿ ಹಿಡಿಯುತ್ತಾರೆ. ಕಡಲೆಕಾಯಿ, ಎಳ್ಳು, ಕಾಳುಗಳಲ್ಲಿ ಸಿಟೊಸ್ಟೆರಾಲ್, ಕ್ಯಾಂಪೆಸ್ಟೆರಾಲ್ ಎಂಬ ಸಸ್ಯಜನ್ಯ ಪದಾರ್ಥಗಳಿವೆ. ಮನುಷ್ಯನ ದೇಹ ಇವನ್ನು ತಯಾರಿಸಲಾರದು; ರಕ್ತದಲ್ಲಿ ಕಂಡರೆ ಕರುಳಿನ ದಾರಿಯಿಂದಲೇ ಬಂದಿರಬೇಕು. ಹೊಳೆಯಲ್ಲಿ ತೇಲಿಬಂದ ಚೆಂಡುಹೂವು ಕಂಡು ಮೇಲಿನ ಊರಿನಲ್ಲಿ ಜಾತ್ರೆ ನಡೆದಿದೆಯೆಂದು ಊಹಿಸುವಂತೆ, ಇವುಗಳ ಪ್ರಮಾಣದಿಂದ ಕರುಳಿನ ಹೀರುವಿಕೆಯನ್ನು ಅಂದಾಜು ಮಾಡುತ್ತಾರೆ. ಲ್ಯಾಥೊಸ್ಟೆರಾಲ್ ಎಂಬ ಇನ್ನೊಂದು ವಸ್ತುವಾದರೋ ಕೊಲೆಸ್ಟ್ರಾಲ್ ತಯಾರಿಕೆಯ ನಡುವಿನ ಹಂತದಲ್ಲಿ ಹುಟ್ಟುವಂಥದ್ದು. ಅದು ಹೆಚ್ಚಿದ್ದರೆ ಒಳಗಿನ ಉತ್ಪಾದನೆ ಭರದಿಂದ ಸಾಗಿದೆ ಎಂದರ್ಥ.

ಹೀಗೆ ಅಳೆದಾಗ ಎರಡು ಬಗೆಯ ಮಧುಮೇಹಗಳು ಎರಡು ದಿಕ್ಕಿಗೆ ಮುಖ ಮಾಡಿ ನಿಂತವು. ಮೊದಲು ಫಿನ್ಲೆಂಡಿನಲ್ಲಿ ವಯಸ್ಕರ ಮೇಲೆ, ಅನಂತರ ಅಮೆರಿಕದಲ್ಲಿ ಹದಿಹರೆಯದವರ ಮತ್ತು ಯುವಜನರ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ದೇಹದಲ್ಲಿ ಇನ್ಸುಲಿನ್ ತಯಾರಿಕೆಯೇ ಬಹುತೇಕ ನಿಂತಿರುವ ಟೈಪ್ 1 ಇರುವವರಲ್ಲಿ ಹೀರುವಿಕೆಯ ಗುರುತುಗಳು ಹೆಚ್ಚಾಗಿಯೂ ತಯಾರಿಕೆಯ ಗುರುತುಗಳು ಕಡಿಮೆಯಾಗಿಯೂ ಇರುತ್ತವೆ. ಸ್ಥೂಲಕಾಯದೊಂದಿಗೆ ಬರುವ ಟೈಪ್ 2ರಲ್ಲಿ ತಯಾರಿಕೆಯೇ ಮುಂದು. ರೋಗದ ಹೆಸರು ಒಂದೇ ಆದ ಮಾತ್ರಕ್ಕೆ ಕೊಲೆಸ್ಟ್ರಾಲಿನ ಕಥೆಯೂ ಒಂದೇ ಎಂದುಕೊಳ್ಳುವುದು ತಪ್ಪು.

ಇದಕ್ಕೆ ಕಾರಣ ಇನ್ಸುಲಿನ್. ನಾವು ಅದನ್ನು ಸಕ್ಕರೆಯ ಹಾರ್ಮೋನೆಂದಷ್ಟೇ ಗುರುತಿಸುತ್ತೇವೆ, ಆದರೆ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯ ಗಾಲಿಯನ್ನು ತಿರುಗಿಸುವ ಕೈಗಳಲ್ಲಿ ಅದೂ ಒಂದು. ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿಯಿಂದ ಹೊರಟ ಇನ್ಸುಲಿನ್ ಮೊದಲು ತಲುಪುವುದು ಯಕೃತ್ತನ್ನು. ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ ಚುಚ್ಚಿದ ಇನ್ಸುಲಿನ್ ಇಡೀ ಮೈ ಸುತ್ತಿಕೊಂಡು ಬರುವುದರಿಂದ ಯಕೃತ್ತಿಗೆ ಅದರ ಪಾಲು ಕಡಿಮೆ ಸಿಗುತ್ತದೆ. ತಯಾರಿಕೆ ತಗ್ಗುವುದು ಹೀಗೆ. ಇನ್ನು ಕರುಳಿನ ವಿಚಾರ. ಹೀರಿದ ಸ್ಟೆರಾಲುಗಳಲ್ಲಿ (ಕೊಲೆಸ್ಟ್ರಾಲ್ ಮತ್ತು ಅದರ ಸಸ್ಯಜನ್ಯ ಬಂಧುಗಳಲ್ಲಿ) ಒಂದು ಭಾಗವನ್ನು ಮತ್ತೆ ಹೊರಗೆ ತಳ್ಳುವ ಪಂಪಿನಂಥ ಪ್ರೋಟೀನುಗಳು ಕರುಳಿನ ಗೋಡೆಯಲ್ಲಿವೆ. ಇನ್ಸುಲಿನ್ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಈ ಪಂಪುಗಳು ಕುಗ್ಗಿದ್ದವು. ಮನುಷ್ಯರಲ್ಲೂ ಹೀಗೆಯೇ ಆಗುತ್ತಿರಬಹುದೆಂಬುದು ಸಮಂಜಸವಾದ ಊಹೆ.

ಇದೆಲ್ಲದರ ಮೇಲೆ, ಸಕ್ಕರೆ ಹತೋಟಿ ತಪ್ಪಿದಾಗ ಎಲ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಎರಡೂ ಏರುತ್ತವೆ. ಟ್ರೈಗ್ಲಿಸರೈಡನ್ನು ರಕ್ತದಿಂದ ತೆರವುಗೊಳಿಸುವ ಕಿಣ್ವಕ್ಕೂ ಇನ್ಸುಲಿನ್ ಬೇಕು. ಕೀಟೋಅಸಿಡೋಸಿಸ್ (ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ತುರ್ತುಸ್ಥಿತಿ) ಆಗಿ ಆಸ್ಪತ್ರೆ ಸೇರಿದ ಕೆಲವು ಮಕ್ಕಳ ರಕ್ತದ ಸೀರಮ್ ಹಾಲಿನಂತೆ ಕಾಣುವುದು ಇದೇ ಕಾರಣಕ್ಕೆ. ಆದ್ದರಿಂದ ಹೊಸದಾಗಿ ರೋಗ ಪತ್ತೆಯಾದ ವಾರದಲ್ಲಿ ಅಥವಾ ಅಂಥ ತುರ್ತಿನ ಬೆನ್ನಿಗೇ ಮಾಡಿಸಿದ ಕೊಲೆಸ್ಟ್ರಾಲ್ ಪರೀಕ್ಷೆಯನ್ನು ನೆಚ್ಚಿಕೊಳ್ಳಬಾರದು. ಟೈಪ್ 1 ಇರುವ ಮಕ್ಕಳ ವರದಿಯಲ್ಲಿ ‘ಒಳ್ಳೆಯ’ ಎಚ್‌ಡಿಎಲ್ ಚೆನ್ನಾಗಿಯೇ ಇರುವುದುಂಟು. ಅದನ್ನು ಕಂಡು ನಿಶ್ಚಿಂತರಾಗುವವರನ್ನೂ ನಾನು ಬಲ್ಲೆ. ಈ ಸ್ಥಿತಿಯಲ್ಲಿ ಎಚ್‌ಡಿಎಲ್‌ನ ಅಂಕಿ ಎಷ್ಟಿದೆ ಎನ್ನುವುದು ಅದು ಎಷ್ಟು ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ.

ಹಾಗಾದರೆ ನಿಮ್ಮ ಮಗನ ವರದಿಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು 138ರ ಕಡೆಗಲ್ಲ, 9.4ರ ಕಡೆಗೆ. ಶಾಲೆಯಲ್ಲಿ ಮಧ್ಯಾಹ್ನದ ಡೋಸ್ ತಪ್ಪುತ್ತಿದೆಯೆ, ಗೆಳೆಯರೆದುರು ಚುಚ್ಚಿಕೊಳ್ಳಲು ಸಂಕೋಚವೆ, ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಚರ್ಮ ಗಂಟುಗಟ್ಟಿದೆಯೆ ಎಂದು ಗದರಿಸದೆ ವಿಚಾರಿಸಿರಿ. ಅಮೆರಿಕ ಮತ್ತು ಕೆನಡಾದಲ್ಲಿ 13ರಿಂದ 39 ವರ್ಷದೊಳಗಿನ 1441 ಮಂದಿ ಟೈಪ್ 1 ರೋಗಿಗಳ ಮೇಲೆ 1983ರಿಂದ 1993ರವರೆಗೆ ನಡೆದ ಡಿಸಿಸಿಟಿ ಎಂಬ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಆ ವರ್ಷಗಳಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಹೃದಯ ಮತ್ತು ರಕ್ತನಾಳದ ತೊಂದರೆಗಳು ಶೇ. 42ರಷ್ಟು ಕಡಿಮೆಯಾದದ್ದು, ಅವರನ್ನು ಹಿಂಬಾಲಿಸಿದ ಅಧ್ಯಯನದಿಂದ 2005ರಲ್ಲಿ ತಿಳಿದುಬಂತು.

ಥೈರಾಯ್ಡ್ ಪರೀಕ್ಷೆಯನ್ನು ಮರೆಯಬೇಡಿ. ಟೈಪ್ 1ರ ಜೊತೆಗೆ ಥೈರಾಯ್ಡ್ ಕುಂದುವುದು ಅಪರೂಪವಲ್ಲ, ಅದು ಕುಂದಿದರೆ ಎಲ್‌ಡಿಎಲ್ ಏರುತ್ತದೆ. ನಿಮ್ಮಿಬ್ಬರ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದವರಿದ್ದರೆ ವೈದ್ಯರಿಗೆ ಹೇಳಿರಿ. ವಂಶಪಾರಂಪರ್ಯವಾಗಿ ಬರುವ ಅಧಿಕ ಕೊಲೆಸ್ಟ್ರಾಲ್ ಬೇರೆಯೇ ಚಿಕಿತ್ಸೆ ಬೇಡುತ್ತದೆ.

ತುಪ್ಪ, ತೆಂಗಿನಕಾಯಿಯ ವಿಷಯ. ತೆಂಗಿನಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ. ಆದರೆ ಅದರ ಕೊಬ್ಬಿನಲ್ಲಿ ಬಹುಪಾಲು ಸ್ಯಾಚುರೇಟೆಡ್ ಬಗೆಯದು, ತುಪ್ಪದ್ದೂ ಹೆಚ್ಚುಕಡಿಮೆ ಹಾಗೆಯೇ. ಇಂಥ ಕೊಬ್ಬು ಹೆಚ್ಚಾದರೆ ರಕ್ತದಿಂದ ಎಲ್‌ಡಿಎಲ್ ಹಿಡಿದುಕೊಳ್ಳುವ ಯಕೃತ್ತಿನ ಗ್ರಾಹಕಗಳು ಕಡಿಮೆಯಾಗುತ್ತವೆ. ಸಾರನ್ನಕ್ಕೆ ಒಂದು ಚಮಚ ತುಪ್ಪವಿರಲಿ, ಪಲ್ಯಕ್ಕೆ ಹಿಡಿ ಹಿಡಿ ಕಾಯಿತುರಿ ಬೇಡ. ಬೇಕರಿಯ ಪಫ್, ಖಾರಾ ಬಿಸ್ಕತ್ತುಗಳ ವನಸ್ಪತಿಯ ಮುಂದೆ ಮನೆಯ ತುಪ್ಪ ಎಷ್ಟೋ ವಾಸಿ. ಬೆಳೆಯುವ ಸಣಕಲು ಹುಡುಗನ ಊಟದಿಂದ ಜಿಡ್ಡನ್ನೆಲ್ಲ ಕಿತ್ತುಹಾಕುವುದನ್ನು ನಾನು ಒಪ್ಪುವುದಿಲ್ಲ.

ಮಾತ್ರೆಯ ಬಗ್ಗೆ ಇರುವ ಅಳತೆಗೋಲು ಸ್ಪಷ್ಟವಾಗಿದೆ. ಮಧುಮೇಹವಿರುವ ಮಕ್ಕಳಲ್ಲಿ ಎಲ್‌ಡಿಎಲ್ 100ರ ಕೆಳಗಿರಬೇಕೆಂಬುದು ಗುರಿ. ಸಕ್ಕರೆಯ ಹತೋಟಿ ಮತ್ತು ಊಟದ ಬದಲಾವಣೆಗೆ ಸುಮಾರು ಆರು ತಿಂಗಳು ಕೊಟ್ಟ ಮೇಲೂ 130 ದಾಟಿಯೇ ಇದ್ದರೆ, ಹತ್ತು ವರ್ಷ ತುಂಬಿದವರಲ್ಲಿ ವೈದ್ಯರು ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯನ್ನು ಯೋಚಿಸುತ್ತಾರೆ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಟೈಪ್ 1 ಇದ್ದ 10ರಿಂದ 16 ವರ್ಷದ 443 ಮಕ್ಕಳನ್ನು ಎರಡರಿಂದ ನಾಲ್ಕು ವರ್ಷ ಗಮನಿಸಿದ್ದರು. ಸ್ಟಾಟಿನ್ ಸೇವಿಸಿದವರಲ್ಲಿ ಎಲ್‌ಡಿಎಲ್ ಇಳಿಯಿತಾದರೂ ಕುತ್ತಿಗೆಯ ರಕ್ತನಾಳದ ಗೋಡೆಯ ದಪ್ಪದಲ್ಲಿ ಆ ಅವಧಿಯೊಳಗೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸ್ಟಾಟಿನ್ ತಡೆಯುವುದು ತಯಾರಿಕೆಯನ್ನು. ಹೀರುವಿಕೆಯೇ ಹೆಚ್ಚಿರುವವರಿಗೆ ಆ ಹೀರುವಿಕೆಯನ್ನು ತಡೆಯುವ ಎಜೆಟಿಮೈಬ್ ಎಂಬ ಔಷಧ ಹೆಚ್ಚು ಒಗ್ಗೀತೇ ಎಂಬ ಪ್ರಶ್ನೆ ಸಹಜ. ಆದರೆ ಸಿಟೊಸ್ಟೆರಾಲಿನಂಥ ಗುರುತುಗಳನ್ನು ಅಳೆಯುವುದು ಸದ್ಯ ಸಂಶೋಧನೆಯ ಮಾತಾಗಿದ್ದು, ಚಿಕಿತ್ಸಾಲಯಗಳಲ್ಲಿ ಮೊದಲ ಔಷಧ ಇಂದಿಗೂ ಸ್ಟಾಟಿನ್ನೇ. ನಿಮ್ಮ ಮಗನ ವಿಷಯದಲ್ಲಿ ಆ ತೀರ್ಮಾನ ಎಚ್‌ಬಿಎ1ಸಿ ಇಳಿದ ಮೇಲಿನ ಮರುಪರೀಕ್ಷೆಯ ತನಕ ಕಾಯಬಹುದು. ಆ ಪರೀಕ್ಷೆಯ ದಿನವೇ, ಮೂತ್ರಪಿಂಡದ ಸ್ಥಿತಿ ತಿಳಿಯಲು, ಮೂತ್ರದ ಆಲ್ಬುಮಿನ್ ಎಂಬ ಪ್ರೋಟೀನನ್ನೂ ನೋಡಿಸಿರಿ.