ಭೋಗಪ್ರಿಯ, ದೇವಪ್ರಿಯ: ಒಂದು ಜೋಡಿಪದದ ಪರಿಚಯ

ಬೈಬಲಿನ ಹೊಸ ಒಡಂಬಡಿಕೆಯಲ್ಲಿ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ, ಕಡೇ ದಿನಗಳ ಜನ ಹೇಗಿರುತ್ತಾರೆ ಎಂಬುದರ ಉದ್ದನೆಯ ಪಟ್ಟಿಯಿದೆ. ಸ್ವಾರ್ಥಿಗಳು, ಹಣದಾಸೆಯವರು, ಬಡಾಯಿಕೋರರು, ತಂದೆತಾಯಿಯ ಮಾತು ಕೇಳದವರು ಎಂದು ಸಾಗುವ ಪಟ್ಟಿ ನಾಲ್ಕನೆಯ ವಚನದ ಕೊನೆಗೆ ಎರಡು ಗ್ರೀಕ್ ಪದಗಳಿಗೆ ಬರುತ್ತದೆ: ಫಿಲೇಡೊನೊಯ್, ಫಿಲೊಥೆಯೊಯ್. ಫಿಲೋಸ್ ಎಂದರೆ ಪ್ರೀತಿಸುವವನು, ಹೇಡೊನೆ ಎಂದರೆ ಸುಖ ಅಥವಾ ಭೋಗ, ಥೆಯೋಸ್ ಎಂದರೆ ದೇವರು. ಕನ್ನಡದಲ್ಲಿ ಸಮಾಸ ಮಾಡಿದರೆ ಭೋಗಪ್ರಿಯರು, ದೇವಪ್ರಿಯರು. 'ದೇವಪ್ರಿಯ'ವನ್ನು ಇಲ್ಲಿ ಸಂಗೀತಪ್ರಿಯ ಎನ್ನುವ ಹಾಗೆ ಓದಬೇಕು. ದೇವರಿಗೆ ಪ್ರಿಯನಾದವನು ಎಂದಲ್ಲ, ದೇವರನ್ನು ಪ್ರೀತಿಸುವವನು ಎಂದು.

ಹೊಸ ಒಡಂಬಡಿಕೆಯಲ್ಲಿ ಈ ಎರಡೂ ಪದ ಬರುವುದು ಇದೊಂದೇ ಕಡೆ. ಪಟ್ಟಿಯ ಮೊದಲೆರಡು ದುರ್ಗುಣಗಳಿಗೂ ಮೂಲದಲ್ಲಿ ಇದೇ 'ಫಿಲ್' ಧಾತು ಇದೆ: ತನ್ನನ್ನೇ ಪ್ರೀತಿಸುವವನು, ಬೆಳ್ಳಿಯನ್ನು ಪ್ರೀತಿಸುವವನು. ಹಾಗಾಗಿ ಈ ಪಟ್ಟಿಯ ಜನರಿಗೆ ಪ್ರೀತಿಯೇ ಇಲ್ಲವೆಂದು ತಿಳಿಯಬಾರದು. ಪ್ರೀತಿ ಧಾರಾಳವಾಗಿದೆ, ಹರಿಯುವ ದಿಕ್ಕು ತಪ್ಪಿದೆ.

ಎರಡು ಪದಗಳ ನಡುವೆ 'ಮಾಲ್ಲೊನ್ ಎ' ಎಂಬ ಪುಟ್ಟ ಜೋಡಣೆಯಿದೆ. ತಕರಾರು ಹುಟ್ಟುವುದು ಇಲ್ಲೇ. ಅದಕ್ಕೆ 'ಅದಕ್ಕಿಂತ ಹೆಚ್ಚಾಗಿ' ಎಂಬ ಅರ್ಥವೂ ಇದೆ, 'ಅದನ್ನು ಬಿಟ್ಟು' ಎಂಬ ಅರ್ಥವೂ ಇದೆ. ಬೈಬಲಿನ ನಮ್ಮ ಹಳೆಯ ಕನ್ನಡ ಅನುವಾದವಾದ ಸತ್ಯವೇದ ಎರಡನೆಯದನ್ನು ಆರಿಸಿಕೊಂಡು, ದೇವರನ್ನು ಪ್ರೀತಿಸದೆ ಭೋಗಗಳನ್ನೇ ಪ್ರೀತಿಸುವವರು ಎನ್ನುತ್ತದೆ. ಬಿಗಿಯಾದ ಅನುವಾದ, ತಪ್ಪೂ ಅಲ್ಲ. ಆದರೆ ಅದನ್ನಷ್ಟೇ ಓದಿದವರಿಗೆ ಒಂದೋ ದೇವರು, ಇಲ್ಲವೇ ಸುಖ ಎಂಬ ಭಾವನೆ ಬರುತ್ತದೆ. ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಐದನೆಯ ಅಧ್ಯಾಯದಲ್ಲಿ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಯೇಸುವಿನ ಶಿಷ್ಯ ಪೇತ್ರನೂ ಉಳಿದ ಅಪೊಸ್ತಲರೂ ಹೇಳುವಾಗಲೂ ಬಳಕೆಯಾಗಿರುವುದು ಇದೇ ಜೋಡಣೆ. ಯಾವ ಮನುಷ್ಯನ ಮಾತನ್ನೂ ಕೇಳಕೂಡದು ಎಂದು ಅವರು ಹೇಳಲಿಲ್ಲ. ಎರಡು ಆಜ್ಞೆ ಎದುರುಬದುರಾದರೆ ಯಾವುದು ಗೆಲ್ಲಬೇಕು ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಭೋಗದ ವಿಚಾರದಲ್ಲೂ ಕೇಳಬೇಕಾದ ಪ್ರಶ್ನೆ ಅದೇ.

ಸುಖವೇ ಪಾಪ ಎನ್ನುವವರನ್ನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರ ಗದರಿಸುತ್ತದೆ. ಮದುವೆ ಬೇಡ, ಇಂಥಿಂಥ ಆಹಾರ ಮುಟ್ಟಬೇಡಿ ಎಂದು ಕಲಿಸುವವರು ಸುಳ್ಳು ಬೋಧಕರು. ದೇವರು ಸೃಷ್ಟಿಸಿದ್ದೆಲ್ಲ ಒಳ್ಳೆಯದು, ಕೃತಜ್ಞತೆಯಿಂದ ಸ್ವೀಕರಿಸಿದರೆ ಯಾವುದೂ ತಳ್ಳುವಂಥದ್ದಲ್ಲ ಎನ್ನುತ್ತದೆ ನಾಲ್ಕನೆಯ ಅಧ್ಯಾಯ. ಆರನೆಯದು, ದೇವರು ಎಲ್ಲವನ್ನೂ ಧಾರಾಳವಾಗಿ ಕೊಡುವುದು ನಾವು ಅನುಭವಿಸಲೆಂದೇ ಎನ್ನುತ್ತದೆ. ಆದ್ದರಿಂದ ಈ ಜೋಡಿಪದವನ್ನು 'ವೈರಾಗ್ಯ' ಎಂಬ ಒಂದೇ ಮಾತಿನಲ್ಲಿ ಮುಗಿಸಲಾಗದು. ವೈರಾಗ್ಯದಲ್ಲಿ ರಾಗವೇ ಅಳಿಯಬೇಕು; ಇಲ್ಲಿ ರಾಗ ಉಳಿಯಬೇಕು, ಅದರ ಸಾಲು ಸರಿಯಾಗಬೇಕು.

ಹಾಗಾದರೆ ಭೋಗದಿಂದ ಅಪಾಯವೇನು? ಹೇಡೊನೆ ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಐದೇ ಸಲ. ಅವುಗಳಲ್ಲಿ ಲೂಕ 8:14 ಬಹಳ ಸ್ಪಷ್ಟ. ಬಿತ್ತುವವನ ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕತೆಯಲ್ಲಿ, ಮುಳ್ಳುಗಿಡಗಳ ನಡುವೆ ಬಿದ್ದ ಬೀಜಕ್ಕೆ ಆದ ಗತಿಗೆ ಚಿಂತೆ, ಐಶ್ವರ್ಯ, ಜೀವನದ ಭೋಗ ಎಂಬ ಮೂರು ಕಾರಣಗಳನ್ನು ಯೇಸು ಕೊಡುತ್ತಾನೆ. ಹೊಲ ಮಾಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಕಳೆ ಬೆಳೆಯನ್ನು ಕಿತ್ತೆಸೆಯುವುದಿಲ್ಲ. ಪಕ್ಕದಲ್ಲೇ ಬೆಳೆದು, ಅದೇ ನೀರು, ಅದೇ ಗೊಬ್ಬರ, ಅದೇ ಬಿಸಿಲನ್ನು ಹಂಚಿಕೊಳ್ಳುತ್ತದೆ. ಪೈರು ಹಸಿರಾಗಿಯೇ ಇರುತ್ತದೆ, ತೆನೆ ಮಾತ್ರ ಕಾಳು ಕಟ್ಟುವುದಿಲ್ಲ. ಭೋಗಪ್ರಿಯನೂ ಹೀಗೆ ಭಾನುವಾರ ದೇವಾಲಯದ ಬೆಂಚಿನ ಮೇಲೆ ಕುಳಿತಿರಬಹುದು. ತಿಮೊಥೆಯನ ಎರಡನೆಯ ಪತ್ರದಲ್ಲಿ ನಮ್ಮ ಜೋಡಿಪದದ ಮುಂದಿನ ವಚನ ಹೇಳುವುದೂ ಇಂಥವರ ಬಗ್ಗೆಯೇ: ಭಕ್ತಿಯ ವೇಷವಿದೆ, ಅದರ ಬಲ ಬೇಡ.

ಕನ್ನಡದ 'ಭೋಗ' ಇಲ್ಲಿ ಒಂದು ಉಪಕಾರ ಮಾಡುತ್ತದೆ. ನಮ್ಮ ಶಾಸನಗಳಲ್ಲಿ ದೇವರ ಅಂಗಭೋಗ, ರಂಗಭೋಗಗಳಿಗೆ ಭೂಮಿ ಬಿಟ್ಟ ದಾನಗಳು ಹೇರಳವಾಗಿವೆ. ಪದಕ್ಕೆ ಹುಟ್ಟಿನಿಂದ ಕೆಟ್ಟ ಹೆಸರೇನಿಲ್ಲ. ಇನ್ನು ಮನೆಯನ್ನು 'ಭೋಗ್ಯಕ್ಕೆ' ಹಾಕಿಸಿಕೊಳ್ಳುವುದು ಎಲ್ಲರಿಗೂ ಗೊತ್ತು. ಇಡಿಗಂಟು ಕೊಟ್ಟು ವಾಸಿಸುತ್ತೇವೆ, ಅಡುಗೆ ಮಾಡುತ್ತೇವೆ, ಹಬ್ಬ ಮಾಡುತ್ತೇವೆ. ಮನೆ ನಮ್ಮದಲ್ಲ, ಕರಾರು ಮುಗಿದರೆ ಬಿಡಬೇಕು. ಸಂತ ಅಗಸ್ಟಿನ್ ಬಳಸುವುದು ಬೇರೆ, ಆನಂದಿಸುವುದು ಬೇರೆ ಎಂದು ವಿಂಗಡಿಸಿದಾಗ ಹೇಳಿದ್ದು ಇದಕ್ಕೆ ಬಹಳ ಹತ್ತಿರ. ಲೋಕದ ವಸ್ತುಗಳನ್ನು ಬಳಸಬೇಕು, ಅವುಗಳಿಗಾಗಿಯೇ ಅವುಗಳಲ್ಲಿ ನೆಲೆನಿಲ್ಲಬಾರದು; ಹಾಗೆ ನೆಲೆನಿಲ್ಲುವ ಆನಂದ ದೇವರೊಬ್ಬನದು. ಊರಿಗೆ ಹೊರಟವನು ಬಂಡಿಯ ಸವಾರಿಯ ಹಿತಕ್ಕೆ ಮನಸೋತು ಊರನ್ನೇ ಮರೆತರೆ ಹೇಗೋ ಹಾಗೆ ಎಂಬುದು ಅವನ ಹೋಲಿಕೆ. ಸದ್ಗುಣವೆಂದರೆ ಪ್ರೀತಿಯ ಸರಿಯಾದ ಕ್ರಮ ಎಂದು ಚುಟುಕಾಗಿ ವ್ಯಾಖ್ಯಾನಿಸಿದವನೂ ಅವನೇ.

ಕ್ರಮ ತಪ್ಪಿದೆಯೇ ಎಂದು ತಿಳಿಯಲು ಪ್ರಮಾಣ ಅಳೆದರೆ ಸಾಲದು. ಊಟವನ್ನೇ ತೆಗೆದುಕೊಳ್ಳಿ. ಮಹಾ ಗ್ರೆಗೋರಿ ಪೋಪರು ಆರನೆಯ ಶತಮಾನದಲ್ಲಿ ಹೇಳಿದ, ಮುಂದೆ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ವಿವರಿಸಿದ ಲೆಕ್ಕದಂತೆ ಹೊಟ್ಟೆಬಾಕತನಕ್ಕೆ ಐದು ರೂಪ: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದೇ ಬೇಕೆನ್ನುವುದು, ಅತಿಯಾಗಿ ತಿನ್ನುವುದು, ಹಪಹಪಿಸಿ ತಿನ್ನುವುದು, ಇಂಥ ಹದದಲ್ಲೇ ಮಾಡಿಕೊಡಬೇಕೆಂದು ಕಾಡುವುದು. ಐದರಲ್ಲಿ ಅಳತೆಗೆ ಸಂಬಂಧಿಸಿದ್ದು ಒಂದೇ. ಉಪ್ಪು ಒಂದು ಚಿಟಿಕೆ ಕಡಿಮೆಯಾಯಿತೆಂದು ತಟ್ಟೆ ತಳ್ಳುವ ಮಿತಾಹಾರಿಯೂ ಈ ಪಟ್ಟಿಯಲ್ಲಿದ್ದಾನೆ. ಮೊಬೈಲಿಗೂ ಇದೇ ಐದನ್ನು ಹಚ್ಚಿ ನೋಡಬಹುದು. ದಿನಕ್ಕೆ ಎಷ್ಟು ಗಂಟೆ ಎಂಬುದರ ಜೊತೆಗೆ, ಬೆಳಗಿನ ಪ್ರಾರ್ಥನೆಗೆ ಮುಂಚೆಯೇ ಕೈ ಅತ್ತ ಹೋಗುತ್ತದೆಯೇ, ಯಾರಾದರೂ ಕಸಿದರೆ ಸಿಟ್ಟು ಎಷ್ಟು ಬರುತ್ತದೆ ಎಂಬುದನ್ನೂ ಗಮನಿಸಬೇಕು. ಸಿಟ್ಟು ಬಹಳ ನಂಬಿಕಸ್ಥ ಅಳತೆಗೋಲು.

ಪ್ರೀತಿಯ ಕ್ರಮ ಸರಿಪಡಿಸಿಕೊಳ್ಳುವ ಅಭ್ಯಾಸಕ್ಕೆ ಧರ್ಮಸಭೆ ಇಟ್ಟಿರುವ ಮುಖ್ಯ ಕಾಲ ತಪಸ್ಸುಕಾಲ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ದಿನಗಳು. ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ. ಉಪವಾಸವಿಲ್ಲದ 6 ಭಾನುವಾರ ಕಳೆದರೆ 40. ಕಥೋಲಿಕ ಕಾನೂನಿನಲ್ಲಿ ಉಪವಾಸ ಕಡ್ಡಾಯವಾದದ್ದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಅದು ಅನ್ವಯಿಸುತ್ತದೆ: ಒಂದು ಪೂರ್ತಿ ಊಟ, ಬೆಳಿಗ್ಗೆ ಸಂಜೆ ಅಲ್ಪಾಹಾರ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ಕಾಯಿಲೆಯವರು ಹಟ ಹಿಡಿಯಬೇಕಿಲ್ಲ. ಮತ್ತಾಯನ ಆರನೆಯ ಅಧ್ಯಾಯ ಉಪವಾಸವನ್ನು ದಾನ, ಪ್ರಾರ್ಥನೆಗಳ ಜೊತೆಗೇ ಇಟ್ಟಿದೆ. ಬಿಟ್ಟ ಊಟದ ದುಡ್ಡು ಬಡವರ ಕೈಗೆ, ಉಳಿದ ಹೊತ್ತು ಪ್ರಾರ್ಥನೆಗೆ ಹೋಗಬೇಕು. ಇವೆರಡೂ ಇಲ್ಲದಿದ್ದರೆ ಅದು ಪಥ್ಯ.

ದಿನನಿತ್ಯಕ್ಕೆ ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ 16ನೆಯ ಶತಮಾನದಲ್ಲಿ ಕೊಟ್ಟ ಕ್ರಮ ಇನ್ನೂ ಸವೆದಿಲ್ಲ. ಒಂದೇ ಒಂದು ದೌರ್ಬಲ್ಯ ಆರಿಸಿಕೊಳ್ಳಬೇಕು. ಏಳುತ್ತಲೇ ಅದರ ವಿಷಯದಲ್ಲಿ ಎಚ್ಚರವಾಗಿರುವ ನಿಶ್ಚಯ. ಮಧ್ಯಾಹ್ನದ ಊಟವಾದ ಮೇಲೆ ಬೆಳಗಿನಿಂದ ಗಂಟೆಗಂಟೆಯ ಲೆಕ್ಕ ತೆಗೆದು, ಎಷ್ಟು ಸಲ ಬಿದ್ದೆವೋ ಅಷ್ಟು ಚುಕ್ಕೆಯನ್ನು ಒಂದು ಗೆರೆಯ ಮೇಲೆ ಇಡುವುದು. ರಾತ್ರಿ ಊಟದ ಮೇಲೆ ಎರಡನೆಯ ಗೆರೆ. ವಾರಕ್ಕೆ ಏಳು ಜೋಡಿ ಗೆರೆ. ರಾತ್ರಿಯದನ್ನು ಮಧ್ಯಾಹ್ನದ್ದಕ್ಕೆ, ಇಂದಿನದನ್ನು ನಿನ್ನೆಗೆ, ಈ ವಾರದ್ದನ್ನು ಕಳೆದ ವಾರಕ್ಕೆ ಹೋಲಿಸಬೇಕು. ಸಾಮಾನ್ಯವಾಗಿ ಕೆಡುವುದು ಒಟ್ಟಿಗೇ ಐದಾರು ದೌರ್ಬಲ್ಯ ಹಿಡಿದುಕೊಂಡಾಗ. ಮೂರನೆಯ ದಿನಕ್ಕೆ ಚುಕ್ಕೆ ಇಡುವವರೇ ಇರುವುದಿಲ್ಲ.

ಕೆಡುವ ಬಗೆ ಬೇರೆಯೂ ಇವೆ. ಶುಕ್ರವಾರ ಕೋಳಿ ಬಿಟ್ಟು ಅಂಜಲ್ ಮೀನಿನ ತವಾ ಫ್ರೈಗೆ ಕಾದರೆ ನಿಯಮ ಉಳಿಯಿತು, ಭೋಗವೂ ಉಳಿಯಿತು. ಮುಟ್ಟಬೇಡ, ರುಚಿ ನೋಡಬೇಡ ಎಂಬ ಸ್ವಂತ ಕಟ್ಟಳೆಗಳು ಜ್ಞಾನದಂತೆ ಕಂಡರೂ ಶರೀರದ ಆಸೆಯನ್ನು ತಡೆಯಲಾರವು ಎಂದು ಕೊಲೊಸ್ಸೆಯವರ ಪತ್ರ ಎಚ್ಚರಿಸುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಭಕ್ತಿಯೇ ಭೋಗವಾಗುವುದು. ಕೀರ್ತನೆಯ ಅರ್ಥಕ್ಕಿಂತ ರಾಗವೇ ತನ್ನನ್ನು ಹೆಚ್ಚು ಕರಗಿಸಿದಾಗ ಅಗಸ್ಟಿನ್ ಅದನ್ನು ತಪ್ಪೆಂದು ಒಪ್ಪಿಕೊಂಡಿದ್ದಾನೆ. ಸಂಗೀತವೇ ಬೇಡ ಎಂಬ ತೀರ್ಮಾನಕ್ಕೆ ಮಾತ್ರ ಹೋಗಲಿಲ್ಲ. ಭಕ್ತಿ ಹೀಗೆ ಭೋಗವಾಗುವುದನ್ನು ಸ್ಪೇನಿನ ಸಂತ ಶಿಲುಬೆಯ ಯೊವಾನ್ನ ಆತ್ಮಿಕ ಹೊಟ್ಟೆಬಾಕತನ ಎನ್ನುತ್ತಾನೆ. ಪ್ರಾರ್ಥನೆಯಲ್ಲಿ ಕಣ್ಣು ತುಂಬಿದರಷ್ಟೇ ಕೂರುವುದು, ಮನಸ್ಸು ಒಣಗಿದ ದಿನ ಎದ್ದುಬಿಡುವುದು ಅದರ ಗುರುತು.

'ದೇವರಿಗೆ ಮೊದಲ ಸ್ಥಾನ' ಎಂಬ ಮಾತನ್ನು ಮನೆಯವರ ಮೇಲೆ ಆಯುಧವಾಗಿ ಎತ್ತುವವರಿಗೆ ಮಾರ್ಕನ ಏಳನೆಯ ಅಧ್ಯಾಯವಿದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು, ಎಂದುಬಿಟ್ಟರೆ ಅವರಿಗೆ ಏನನ್ನೂ ಕೊಡಬೇಕಿಲ್ಲ ಎಂಬ ವಾಡಿಕೆ ಆಗ ಇತ್ತು. ಅದು ದೇವರ ಮಾತನ್ನೇ ರದ್ದುಮಾಡುವುದು ಎಂದು ಯೇಸು, ಕಟ್ಟಳೆಗಳನ್ನು ಬಿಗಿಯಾಗಿ ಪಾಲಿಸುತ್ತಿದ್ದ ಯೆಹೂದಿ ಪಂಗಡದವರಾದ ಫರಿಸಾಯರ ಮುಖಕ್ಕೇ ಹೇಳಿದ.